ಕೊರ್ಫು ಎಂದೇ ಬರೆ

ಚೆಂಬೂರು
ಏಪ್ರಿಲ್ 9, 2025

ನನ್ನ ಸುಹಾಸ,

ಇದು ಪತ್ರ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೇನೆ ಎಂದು ಇದನ್ನು ಮೇಲ್ ಅನ್ನಬೇಡ. ಮೇಲೆ ಊರು, ತಾರೀಖು, ಕೆಳಗೆ ಸಹಿ ಎಲ್ಲ ಇದೆ, ನೀನೂ ಹಾಗೇ ಬರೆಯಬೇಕು. ನಮ್ಮ ಫೋನಿನ ಮಾತು ಮಾತೇ ಅಲ್ಲ ಎಂದು ನಿನ್ನೆ ನನಗೆ ಖಾತ್ರಿಯಾಯಿತು. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಹತ್ತಿರ ನಿಂತರೆ ನಿನ್ನ ಅಮ್ಮನಿಗೆ ಕೇಳುತ್ತದೆ, ಬಾಲ್ಕನಿಗೆ ಹೋದರೆ ಪಕ್ಕದ ಮನೆಯ ನಿಶಾಗೆ ಕೇಳುತ್ತದೆ. ನೀನು ಅಷ್ಟು ದೂರದ ಹಡಗಿನಿಂದ "ನನ್ನ ನೆನಪು ಬರ್ತದಾ" ಎಂದು ಕೇಳುತ್ತೀ, ನಾನು "ಹೂಂ, ಊಟ ಆಯ್ತು" ಅನ್ನುತ್ತೇನೆ. ನಿನ್ನ ನೆನಪು ಬರುವುದಿಲ್ಲ, ಹೋದರೆ ತಾನೇ ಬರುವುದು ಎಂದು ಹೇಳಬೇಕಾಗಿತ್ತು. ಈಗ ಹೇಳಿದೆ, ನೋಡು, ಎಷ್ಟು ಸುಲಭ.

ಕ್ಲಿನಿಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಡಾಕ್ಟರು ಯಾರದೋ ದವಡೆ ಕೊರೆಯುತ್ತಿದ್ದಾರೆ, ಹೊರಗೆ ರಿಸೆಪ್ಷನ್ ಮೇಜಿನ ಹಿಂದೆ ನಾನು ಒಬ್ಬಳೇ ನಗುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಎಚ್‌ಆರ್ ನೋಟಿಸ್ ಓದಿದ ಹಾಗಿರುತ್ತದೆ ಎಂದು ನೀನೇ ಹೇಳಿದ್ದೆ. ನನ್ನ ಮನೆಯದು ತುಳು, ನಿನ್ನ ಮನೆಯದು ಕೊಂಕಣಿ. ನಮ್ಮಿಬ್ಬರ ನಡುವೆ ಸಿಕ್ಕಿದ್ದು ಕನ್ನಡವೊಂದೇ. ತಪ್ಪಿದ್ದರೆ ನಗು, ತಿದ್ದಬೇಡ.

ಮದುವೆಯಾಗಿ ಇಪ್ಪತ್ತಮೂರು ದಿನ ಒಟ್ಟಿಗಿದ್ದೆವು. ಸೆಪ್ಟೆಂಬರಿನಲ್ಲಿ ಹತ್ತು ದಿನ ಹೆಂಡತಿಯನ್ನು ಹಡಗಿಗೆ ಕರೆಸಿಕೊಳ್ಳಬಹುದು ಎಂದು ನಿನ್ನ ಕಂಪನಿ ಒಪ್ಪಿದ ಮೇಲೆ ನಾನು ನೆಲದ ಮೇಲೆ ನಡೆಯುತ್ತಿಲ್ಲ. ನಾನು ಹತ್ತುವ ಬಂದರು ಕೊರ್ಫು ಎಂಬ ದ್ವೀಪ. ಅದರ ಮೂವತ್ತೆರಡು ವಿಡಿಯೊ ನೋಡಿದ್ದೇನೆ. ನೀರು ಎಷ್ಟು ತಿಳಿಯೆಂದರೆ ದೋಣಿಯ ನೆರಳು ಕೆಳಗೆ ಮರಳಿನ ಮೇಲೆ ಬೀಳುತ್ತದೆ. ಅತ್ತೆಗೂ ತೋರಿಸಿದೆ. "ಅಲ್ಲಿ ತೆಂಗಿನಮರ ಇಲ್ವಾ" ಎಂದು ಕೇಳಿದರು. ಇಲ್ಲ ಎಂದಾಗ ಪಾಪ, ನಿನ್ನ ಬಗ್ಗೆ ಚಿಂತೆ ಮಾಡಿದರು.

ನಿನ್ನ
ಸುಹಾಸಿನಿ

ಹೊಸ ಹೆಸರಿನಲ್ಲಿ ಸಹಿ ಹಾಕುವುದು ಎಷ್ಟು ಚೆಂದ. ಸುಹಾಸ, ಸುಹಾಸಿನಿ. ನಿಶಾ ಹೇಳುತ್ತಾಳೆ, ಒಂದೇ ಬಟ್ಟೆಯಲ್ಲಿ ಹೊಲಿಸಿದ ಶರ್ಟು, ಫ್ರಾಕು ಇದ್ದ ಹಾಗಂತೆ. ಉರಿದುಕೊಳ್ಳಲಿ.


ಹಡಗಿನಿಂದ
ಮೇ 2, 2025

ಪ್ರೀತಿಯ ಸುಹಾಸಿನಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ದೂಜಣ್ಣ ಭುಜದ ಮೇಲಿಂದ ಇಣುಕಿದರು. "ಎಂತ ಮಾರಾಯ, ಸಕ್ಕರೆ ನಿನ್ನ ಕೈಯಲ್ಲೋ ಅವಳ ಕೈಯಲ್ಲೋ" ಎಂದು ತಮಾಷೆ ಮಾಡಿದರು. ನಮ್ಮ ಅಡುಗೆಮನೆಯಲ್ಲಿ ಕನ್ನಡ ಓದಬಲ್ಲ ಇನ್ನೊಬ್ಬರು ಅವರೇ. ಎಚ್ಚರಿಕೆಯಿಂದ ಬರೆ.

ಈಗ ನನ್ನನ್ನು ಸಕ್ಕರೆಯ ಕೆಲಸಕ್ಕೆ ಹಾಕಿದ್ದಾರೆ. ಪಾಕವನ್ನು ಕಾಯಿಸಿ, ಎಳೆದು, ಬಳ್ಳಿ, ಎಲೆ, ಹಕ್ಕಿ ಮಾಡುವುದು. ಬೆರಳ ತುದಿಗೆ ಶಾಖ ಗೊತ್ತಾಗಬೇಕು, ಥರ್ಮಾಮೀಟರ್ ತಡ ಹೇಳುತ್ತದೆ. ನಿನ್ನೆ ಒಂದು ಹಂಸ ಮಾಡಿದೆ, ಬಡಾ ಶೆಫ್ ಏನೂ ಬೈಯಲಿಲ್ಲ. ಅವರು ಹೊಗಳುವುದು ಹಾಗೆಯೇ.

ಪ್ರತಿ ಗುರುವಾರ ಕೊರ್ಫು ಮುಟ್ಟುತ್ತೇವೆ. ಸೆಪ್ಟೆಂಬರ್ 11 ಕೂಡ ಗುರುವಾರ.

ಸುಹಾಸ


ಚೆಂಬೂರು
ಮೇ 20, 2025

ನನ್ನ ಹಂಸವೇ,

ಸೆಪ್ಟೆಂಬರ್ 11ಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದೆ. ಅತ್ತೆ ಏಕಾದಶಿಯೆಂದುಕೊಂಡು ಅಂದು ಉಪವಾಸ ಮಾಡಲು ಹೊರಟಿದ್ದರು. ಹೇಳಿದ ಮೇಲೆ ಇಬ್ಬರೂ ನಕ್ಕೆವು. ಅವರ ಜೊತೆ ನಗುವುದು ನನಗೆ ಈಗೀಗ ಬರುತ್ತಿದೆ. ಅಪ್ಪಿತಪ್ಪಿ ನನ್ನ ಅಮ್ಮ ಫೋನಿನಲ್ಲಿ "ನಮಿತಾ ಇದ್ದಾಳಾ" ಎಂದರೆ ಮಾತ್ರ ಅತ್ತೆ "ಇಲ್ಲಿ ಆ ಹೆಸರಿನವರು ಯಾರೂ ಇಲ್ಲ, ಸುಹಾಸಿನಿ ಇದ್ದಾಳೆ, ಕೊಡಲಾ" ಅನ್ನುತ್ತಾರೆ. ಅಮ್ಮನಿಗೆ ಪಿಚ್ಚೆನಿಸಿತು. ನನಗೆ ಅದೂ ತಮಾಷೆ. ನನಗೆ ಈಗ ಎಲ್ಲವೂ ತಮಾಷೆ.

ಇಡೀ ಬಿಲ್ಡಿಂಗಿಗೆ ಕೊರ್ಫು ಎಂದು ಹೇಳಿಯಾಗಿದೆ. ಲಿಫ್ಟಿನ ಬಂಡೆಪ್ಪನವರೂ "ಕೊರ್ಫೂಕ್ ಯಾವಾಗ ಹೊಂಟೀರಿ ಬಾಯಾರ" ಎಂದು ಕೇಳುತ್ತಾರೆ.

ನಿನ್ನ
ಸುಹಾಸಿನಿ


ಜೂನ್ 29, 2025

ಸುಹಾಸಿನಿ,

ಕೈಗೆ ಪಾಕ ಬಿದ್ದಿದೆ. ಸ್ವಲ್ಪ ಸುಟ್ಟಿದೆ. ಹಡಗಿನವರು ನನ್ನನ್ನು ಇಳಿಸಿ ಕೆರ್ಕಿರಾದ ಆಸ್ಪತ್ರೆಗೆ ಸೇರಿಸಿದ್ದಾರೆ. ಹಡಗು ಹೋಯಿತು. ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೆದರಬೇಡ. ಅಮ್ಮನಿಗೆ ಮೆಲ್ಲಗೆ ಹೇಳು. ಫೋನ್ ಮಾಡಬೇಡ, ವಾರ್ಡಿನಲ್ಲಿ ಮಾತಾಡಲು ಆಗುವುದಿಲ್ಲ.

ಸುಹಾಸ


ಚೆಂಬೂರು
ಜೂನ್ 30, 2025

ಸುಹಾಸ,

ಸ್ವಲ್ಪ ಎಂದರೆ ಎಷ್ಟು? ಯಾವ ಕೈ? ಹದಿನೆಂಟು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ಕೆರ್ಕಿರಾ ಎಲ್ಲಿದೆ? ನಾನು ಆ ಹೆಸರು ಕೇಳಿಯೇ ಇರಲಿಲ್ಲ. ನಿನ್ನನ್ನು ಕೊರ್ಫುವಿನಿಂದ ಬೇರೆ ಎಲ್ಲಿಗೋ, ದೊಡ್ಡ ಆಸ್ಪತ್ರೆ ಇರುವ ದೂರದ ಊರಿಗೆ ಸಾಗಿಸಿದ್ದಾರೆ, ಅಂದರೆ ಸ್ಥಿತಿ ಅಷ್ಟು ಕೆಟ್ಟಿದೆ ಎಂದು ಕ್ಲಿನಿಕ್ಕಿನ ಬಾತ್‌ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಕೊನೆಗೆ ನಮ್ಮ ಡಾಕ್ಟರೇ ಮ್ಯಾಪ್ ತೆಗೆದು ನೋಡಿದರು. "ನಮಿತಾ, ಎರಡೂ ಒಂದೇ ಜಾಗ. ಕೆರ್ಕಿರಾ ಅಲ್ಲಿಯವರ ಹೆಸರು, ಕೊರ್ಫು ನಾವೆಲ್ಲ ಹೇಳುವ ಹೆಸರು" ಎಂದರು. ಮೊದಲು ಜೀವ ಬಂತು. ಆಮೇಲೆ ಸಿಟ್ಟು ಬಂತು. ಹೆಂಡತಿಗೆ ಅಪಘಾತದ ಸುದ್ದಿ ಕೊಡುವಾಗ ಅವಳಿಗೆ ಗೊತ್ತಿರುವ ಹೆಸರನ್ನು ಬರೆಯಬಾರದಾ?

ಅತ್ತೆಗೆ ಮೆಲ್ಲಗೇ ಹೇಳಿದೆ. "ಅದು ಕೊರ್ಫುವಿಂದ ಎಷ್ಟು ದೂರ?" ಎಂದು ಕೇಳಿದರು.

"ದೂರ ಇಲ್ಲ ಅತ್ತೆ, ಅದೇ ಊರು."

"ಮತ್ತೆ ಅದನ್ನೇ ಹೇಳಲಿಕ್ಕೆ ಅವನಿಗೆ ಎಂತ ಕಷ್ಟ?"

ಹಾಗೆ ಕೇಳಿ ದೇವರ ಮುಂದೆ ಕೂತವರು ಇನ್ನೂ ಎದ್ದಿಲ್ಲ. ಒಂದು ಫೋಟೊ ಕಳಿಸು. ಬ್ಯಾಂಡೇಜಿನದಾದರೂ ಸರಿ.

ಸುಹಾಸಿನಿ


ಕೆರ್ಕಿರಾ
ಜುಲೈ 24, 2025

ಸುಹಾಸಿನಿ,

ತಡವಾಯಿತು. ಟೈಪ್ ಮಾಡಲು ಹೊತ್ತು ಹಿಡಿಯುತ್ತದೆ.

ಕೈ ವಾಸಿಯಾಗುತ್ತಿದೆ. ಪಕ್ಕದ ಮಂಚದಲ್ಲಿ ಸ್ಪಿರೋಸ್ ಎಂಬ ಮುದುಕ, ದೋಣಿ ರಿಪೇರಿ ಮಾಡುವವ. ಯಾರಾದರೂ ಕೊರ್ಫು ಎಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾನೆ, ಡಾಕ್ಟರಾದರೂ ಅಷ್ಟೆ. ಯಾಕೆ ಎಂದು ಕೇಳಿದೆ. ಅವನ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಹಡಗು ಇಳಿದು, ಸಂಜೆಗೆ ಹಡಗು ಹತ್ತುವವರು ಇಟ್ಟುಕೊಂಡ ಹೆಸರು ಅದು. ಇಲ್ಲಿ ಹುಟ್ಟಿದವರಿಗೆ, ಇಲ್ಲಿ ಸಾಯುವವರಿಗೆ ಇದು ಕೆರ್ಕಿರಾ. ನನಗೆ ಅದು ನ್ಯಾಯ ಅನ್ನಿಸಿತು. ಒಂದು ಊರನ್ನು ಅದರ ಜನ ಹೇಗೆ ಕರೆಯುತ್ತಾರೋ ಹಾಗೇ ಕರೆಯಬೇಕು. ಇನ್ನು ಮೇಲೆ ನೀನೂ ಹಾಗೇ ಬರೆದರೆ ನನಗೆ ಸಂತೋಷ.

ಸೆಪ್ಟೆಂಬರಿನ ಪ್ರಯಾಣವನ್ನು ಕಂಪನಿ ರದ್ದು ಮಾಡುತ್ತದೆ. ನಾನು ಹಡಗಿನಲ್ಲಿ ಇರುವುದಿಲ್ಲವಲ್ಲ.

ಸುಹಾಸ


ಚೆಂಬೂರು
ಆಗಸ್ಟ್ 10, 2025

ಸುಹಾಸ,

ನಾನು ಫೋಟೊ ಕೇಳಿದೆ, ನೀನು ಮುದುಕನ ಕಥೆ ಕಳಿಸಿದೆ. ಯಾವ ಕೈ ಎಂದು ಕೇಳಿದೆ, ಅದಕ್ಕೂ ಉತ್ತರ ಇಲ್ಲ. ಯಾವಾಗ ಬರುತ್ತೀ ಎಂದು ಕೇಳಲು ನನಗೆ ಭಯ, ಆದರೂ ಕೇಳುತ್ತೇನೆ. ಯಾವಾಗ ಬರುತ್ತೀ?

ಎರಡು ವಾರದಿಂದ ಒಂದೇ ಯೋಚನೆ. ನನ್ನ ಅಪ್ಪ ನಲವತ್ತು ವರ್ಷದಿಂದ ಇಲ್ಲಿದ್ದಾರೆ, ಇವತ್ತಿಗೂ ಬೊಂಬಾಯಿ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅವರು ಬಂದವರು, ಒಂದು ದಿನ ಪೆಟ್ಟಿಗೆ ಕಟ್ಟಿ ಊರಿಗೆ ಹೋಗುವವರು. ನಾನು ಇಲ್ಲೇ ಹುಟ್ಟಿದವಳು, ಮುಂಬೈ ಅನ್ನುತ್ತೇನೆ, ನನಗೆ ಹೋಗಲು ಬೇರೆ ಊರಿಲ್ಲ. ನಿನ್ನ ಮುದುಕ ಹೇಳಿದ್ದೂ ಅದನ್ನೇ. ಬಂದು ಹೋಗುವವರು ಕೊರ್ಫು ಅನ್ನುತ್ತಾರೆ, ಇರುವವರು ಕೆರ್ಕಿರಾ ಅನ್ನುತ್ತಾರೆ. ನಿನ್ನ ಈ ಪತ್ರದ ಮೇಲೆ, ಊರಿನ ಜಾಗದಲ್ಲಿ, ಕೆರ್ಕಿರಾ ಎಂದಿದೆ. ದಯವಿಟ್ಟು ಕೊರ್ಫು ಎಂದೇ ಬರೆ. ಅದು ಹೊರಗಿನವರ ಹೆಸರಾಗಿರಲಿ, ನೀನು ಹೊರಗಿನವನೇ. ನಿನ್ನ ಮನೆ ಚೆಂಬೂರಿನಲ್ಲಿ, ಮೂರನೇ ಮಾಳಿಗೆಯಲ್ಲಿ ಇದೆ.

ಅಲ್ಲಿ ಯಾರಾದರೂ ಇದ್ದಾರಾ? ಇದ್ದರೆ ಹೇಳಿಬಿಡು.

ಇನ್ನೊಂದು ಮಾತು. ಊರನ್ನು ಅದರ ಜನ ಕರೆದ ಹಾಗೇ ಕರೆಯಬೇಕು ಎಂದು ನೀನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಹಾಗಾದರೆ ನಾನು? ಇಪ್ಪತ್ತಾರು ವರ್ಷ ನನ್ನ ಜನ ನನ್ನನ್ನು ನಮಿತಾ ಎಂದು ಕರೆದರು. ಮಂಟಪದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದವನು ನೀನು. ಆರಿಸಿದ್ದು ಅತ್ತೆಯಾದರೂ ಬೆರಳು ನಿನ್ನದೇ. ನಾನು ನಗುತ್ತಾ ಕೂತಿದ್ದೆ, ಅದಕ್ಕೆ ನಿನ್ನನ್ನು ದೂರುವುದಿಲ್ಲ. ಆದರೆ ಅಂದಿನಿಂದ ಒಂದು ಸಲವೂ, ಕಿವಿಯ ಹತ್ತಿರ ಕೂಡ, ನೀನು ನನ್ನನ್ನು ನಮಿತಾ ಎಂದಿಲ್ಲ. ಒಂದು ದ್ವೀಪಕ್ಕೆ ಇರುವ ನ್ಯಾಯ ನನಗೆ ಇಲ್ಲವಾ?

ಸಿಟ್ಟಿನಲ್ಲಿ ಬರೆದೆ ಎಂದುಕೊಳ್ಳಬೇಡ. ದಿಕ್ಕು ತೋಚದೆ ಬರೆದೆ. ಉತ್ತರ ಬರೆ.

ನಮಿತಾ


ಆಗಸ್ಟ್ 30, 2025

ನನಗಾಗಿ ಕಾಯಬೇಡ.

ಇಲ್ಲಿ ಬೇರೆ ಯಾರೂ ಇಲ್ಲ, ಅಮ್ಮನಾಣೆ. ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಒಂದು ಕೋಣೆಯಲ್ಲಿ ಇದ್ದೇನೆ. ಸದ್ಯ ಬರುವುದಿಲ್ಲ. ಯಾವಾಗ ಎಂದು ಹೇಳಲಾರೆ. ನೀನು ನಿನ್ನ ಅಮ್ಮನ ಮನೆಗೆ ಹೋಗು. ವಯಸ್ಸಿದೆ, ಕೆಲಸವಿದೆ. ಇಪ್ಪತ್ತಮೂರು ದಿನಕ್ಕಾಗಿ ಒಂದು ಜನ್ಮ ಕೂತಿರಬೇಕಾಗಿಲ್ಲ. ಕಾರಣ ಕೇಳಬೇಡ.

ಸುಹಾಸ


ಚೆಂಬೂರು
ಸೆಪ್ಟೆಂಬರ್ 14, 2025

ಸುಹಾಸ,

ನಾನು ಅಮ್ಮನ ಮನೆಗೆ ಹೋಗಿಲ್ಲ. ನಿನ್ನೆ ದೂಜಣ್ಣ ಬಂದಿದ್ದರು.

ಅವರ ಕಾಂಟ್ರ್ಯಾಕ್ಟ್ ಮುಗಿದು ಊರಿಗೆ ಹೋಗುವ ದಾರಿಯಲ್ಲಿ ನೀನು ಹಡಗಿನಲ್ಲಿ ಬಿಟ್ಟ ಚೀಲ ಕೊಡಲು ಬಂದರು. ನೀನು ಎಲ್ಲ ಹೇಳಿದ್ದೀ ಎಂದುಕೊಂಡಿದ್ದರು, ಪಾಪ. ಚಹಾ ಕುಡಿಯುತ್ತಾ, "ಬಲಗೈ ಆಯ್ತು, ಇರಲಿ, ಎಡಗೈ ಉಂಟಲ್ಲ. ಮೂರು ಬೆರಳು ಹೋದದ್ದಕ್ಕೆ ಹುಡುಗ ಇಷ್ಟು ಕುಗ್ಗಬಾರದು ಮಗಾ" ಎಂದರು.

ಅತ್ತೆಯ ಕೈಯಿಂದ ತಟ್ಟೆ ಬಿತ್ತು. ಅದನ್ನು ಎತ್ತಲು ನಮ್ಮಿಬ್ಬರಲ್ಲಿ ಯಾರೂ ಬಗ್ಗಲಿಲ್ಲ.

"ನಿಮಗೆ ಗೊತ್ತಿರಲಿಲ್ವಾ?" ಎಂದು ದೂಜಣ್ಣ ಲೋಟ ಕೆಳಗಿಟ್ಟರು. ಆಮೇಲೆ ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಹಡಗು ವಾಲಿದಾಗ ಪಾತ್ರೆ ಜಾರಿದ್ದು. ನೀನು ಅದನ್ನು ಹಿಡಿಯಲು ಹೋದದ್ದು. ಕಂಪನಿಯ ಏಜೆಂಟ್ ಎರಡು ಸಲ ಮುಂಬೈ ಟಿಕೆಟ್ ಮಾಡಿಸಲು ಬಂದರೂ ನೀನೇ ಬೇಡವೆಂದದ್ದು. ನಿನ್ನ ಕೋಣೆ ಎಲ್ಲಿದೆ ಎಂದು ಅವರಿಗೂ ಗೊತ್ತಿಲ್ಲ.

ಇದಕ್ಕಾ ಸುಹಾಸ? ನೀನು ಟೈಪ್ ಮಾಡಿದ ಒಂದೊಂದು ಸಾಲೂ ಎಡಗೈಯ ಒಂದು ಬೆರಳಿನಿಂದ ಹೊಡೆದದ್ದು ಎಂದು ನನಗೆ ಹೊಳೆಯಲಿಲ್ಲವಲ್ಲ. ನಾನು ಆ ಚುಟುಕು ಸಾಲುಗಳಲ್ಲಿ ಇನ್ನೊಬ್ಬ ಹೆಂಗಸನ್ನು ಹುಡುಕುತ್ತಿದ್ದೆ. ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿಲ್ಲ.

ಇವತ್ತು ಬೆಳಿಗ್ಗೆಯಿಂದ ಅತ್ತೆ ಮಾತಾಡಿಲ್ಲ. ಮೆಟ್ಟಿಲ ಹತ್ತಿರ ಯಾರೋ ನನ್ನ ಕಾಲ್ಗುಣದ ಮಾತೆತ್ತಿದ್ದನ್ನು ಕೇಳಿಸಿಕೊಂಡೆ. ಅವರೂ ಹಾಗೇ ತಿಳಿದಿದ್ದಾರೋ ಏನೋ. ಕೇಳುವ ಧೈರ್ಯ ಇಲ್ಲ.

ನೀನು ಬರದಿದ್ದರೆ ನಾನೇ ಬರುತ್ತೇನೆ. ನಾಳೆ ಬೇಲಾಪುರದ ನಿನ್ನ ಕಂಪನಿಯ ಆಫೀಸಿಗೆ ಹೋಗುತ್ತೇನೆ. ವೀಸಾಕ್ಕೆ ಅವರ ಪತ್ರ ಬೇಕು.

ನಮಿತಾ


ಚೆಂಬೂರು
ಅಕ್ಟೋಬರ್ 1, 2025

ಸುಹಾಸ,

ಹದಿನೈದು ದಿನದಲ್ಲಿ ಬೇಲಾಪುರಕ್ಕೆ ನಾಲ್ಕು ಸಲ ಹೋದೆ. ಮೊದಲ ಮೂರು ಸಲವೂ ಅದೇ ಹುಡುಗಿ, ಸೋನಾಲಿ, ಒಳ್ಳೆಯವಳು, ನೀರು ಕೊಟ್ಟು ಕೂರಿಸಿ ಅದನ್ನೇ ಹೇಳಿದಳು. "ಮ್ಯಾಡಮ್, ಸಾರಿ, ರೆಕಾರ್ಡ್ ಮೇ ವೈಫ್ ಕಾ ನಾಮ್ ಸುಹಾಸಿನಿ ಹೈ. ಆಪ್ ತೋ ನಮಿತಾ ಹೈ ನಾ?"

ಮದುವೆಯ ಸಂಭ್ರಮದಲ್ಲಿ ನೀನು ಕಂಪನಿಯ ಫಾರಂನಲ್ಲಿ ಅಕ್ಕಿಯ ಹೆಸರು ತುಂಬಿಸಿದ್ದೀ. ನನ್ನ ಪಾಸ್‌ಪೋರ್ಟ್, ಆಧಾರ್, ನಮ್ಮ ಮದುವೆಯ ಸರ್ಟಿಫಿಕೇಟ್ ಎಲ್ಲದರಲ್ಲೂ ನಮಿತಾ. ನಿನಗೆ ಇನ್ನೊಬ್ಬ ಹೆಂಡತಿ ಇದ್ದಾಳೆಯೇ ಎಂದು ಅವಳ ಸಾಹೇಬರು ಮರ್ಯಾದೆಯಿಂದಲೇ ಕೇಳಿದರು. ಇಬ್ಬರೂ ಒಬ್ಬಳೇ ಎಂದು ನಿನ್ನ ಮನೆಯ ಹಿರಿಯರು ಎದುರು ನಿಂತು ಹೇಳಿ ಅಫಿಡವಿಟ್ಟಿಗೆ ಸಹಿ ಹಾಕಬೇಕಂತೆ.

ಹಿರಿಯರು ಎಂದರೆ ಅತ್ತೆ. ಕೇಳಲು ಒಂದು ವಾರ ಬೇಕಾಯಿತು. ನಿನ್ನೆ ಅವರು ಅಕ್ಕಿ ಆರಿಸುತ್ತಿದ್ದಾಗ ಕಾಗದವನ್ನು ಪಕ್ಕದಲ್ಲಿಟ್ಟು ಹೇಳಿದೆ. ತಲೆ ಎತ್ತಲಿಲ್ಲ.

"ನಾಡಿದ್ದು ಹೋದರೆ ಆಗುದಿಲ್ವಾ?"

"ವೀಸಾದ ತಾರೀಖು ಹದಿನೈದು ಅತ್ತೆ."

"ಹಾಗಾದರೆ ನಾಳೆ ಬೆಳಿಗ್ಗೆ ಹೊರಡುವ. ಲೋಕಲ್‌ನಲ್ಲಿ ಕೂತುಕೊಳ್ಳಲಿಕ್ಕೆ ಸಿಗ್ತದಲ್ಲ?"

ಸಿಗಲಿಲ್ಲ. ವಾಶಿಯವರೆಗೆ ನಿಂತೇ ಬಂದರು, ನನ್ನ ಭುಜ ಹಿಡಿದು. ಸಮುದ್ರ ಒಳಗೆ ಚಾಚಿದ ಖಾಡಿಯ ಸೇತುವೆಯ ಮೇಲೆ ಗಾಡಿ ನಿಧಾನವಾದಾಗ ಹೊರಗೆ ನೋಡುತ್ತಾ, "ಮೆಟ್ಟಿಲಿನವರು ಹೇಳಿದ್ದು ನಾನೂ ಕೇಳಿದ್ದೇನೆ. ಅವನನ್ನು ಸಮುದ್ರಕ್ಕೆ ಕಳಿಸಿದ್ದು ನಾನು. ನಿನ್ನ ಕಾಲು ಎಂತ ಮಾಡಿತು" ಎಂದರು. ಅಷ್ಟೇ.

ಆಫೀಸಿನಲ್ಲಿ ಸೋನಾಲಿ ನನ್ನನ್ನು ತೋರಿಸಿ ಇವಳು ಯಾರೆಂದು ಮರಾಠಿಯಲ್ಲಿ ಕೇಳಿದಳು, "ಆಜೀ, ಹೀ ಕೋಣ?"

ಸುಹಾಸ, ಮದುವೆಯಾದಂದಿನಿಂದ ಆ ಬಾಯಿಯಲ್ಲಿ ಬಾರದ ಹೆಸರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ನಮಿತಾ" ಎಂದರು. "ನನ್ನ ಸೊಸೆ. ಸುಹಾಸಿನಿ ಅಂತ ನಾನು ಇಟ್ಟದ್ದು, ನಮ್ಮಲ್ಲಿ ಇಡ್ತಾರೆ. ಅವಳ ಅಪ್ಪ ಅಮ್ಮ ಇಟ್ಟ ಹೆಸರು ಇದೇ. ಇದನ್ನೇ ಬರ್ಕೊಳ್ಳಿ." ಆಮೇಲೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು, ಹುಡುಗಿಗೆ ಅರ್ಥವಾಗಲಿ ಎಂದು. ಸಹಿ ಹಾಕುವಾಗ ರುಕ್ಮಿಣಿಬಾಯಿ ಎಂಬ ಅಷ್ಟುದ್ದದ ಹೆಸರು ಖಾನೆಯಲ್ಲಿ ಹಿಡಿಸದೆ ಗೆರೆ ದಾಟಿತು.

ಕಂಪನಿಯ ಪತ್ರ ಸಿಕ್ಕಿತು. ನಾನು ನಿನ್ನ ಹೆಂಡತಿ ಎಂದು ಅದರಲ್ಲಿದೆ. ಆದರೆ ನೀನಿರುವ ಜಾಗ ಕೇಳಿದಾಗ ಸೋನಾಲಿ ತಲೆ ತಗ್ಗಿಸಿದಳು. ಯಾರಿಗೂ, ಮನೆಯವರಿಗೂ, ವಿಳಾಸ ಕೊಡಬೇಡಿ ಎಂದು ನೀನೇ ಬರೆದುಕೊಟ್ಟಿದ್ದೀಯಂತೆ. ಅದನ್ನು ಅವರು ಮೀರುವ ಹಾಗಿಲ್ಲ.

ವೀಸಾ ಫಾರಂ ನನ್ನ ಮುಂದಿದೆ. ಎಲ್ಲ ತುಂಬಿದ್ದೇನೆ. ಅಲ್ಲಿ ಎಲ್ಲಿ ಉಳಿಯುತ್ತೀರಿ ಎಂಬ ಒಂದು ಖಾನೆ ಖಾಲಿ. ಹೋಟೆಲಿನ ಹೆಸರು ಹಾಕು ಎನ್ನುತ್ತಾಳೆ ನಿಶಾ. ಹೋಟೆಲಿಗೆ ಹೋಗಿ ನಾನೇನು ಮಾಡಲಿ? ಕೊರ್ಫು ಎಂದು ಕೊಡು, ಕೆರ್ಕಿರಾ ಎಂದು ಕೊಡು, ನಾನು ಜಗಳ ಆಡುವುದಿಲ್ಲ. ಅದರ ಕೆಳಗೆ ಒಂದು ಓಣಿ, ಒಂದು ಮನೆ ನಂಬರು ಬೇಕು. ನಿನ್ನನ್ನು ಬಿಟ್ಟು ಅದನ್ನು ಈಗ ಯಾರೂ ಕೊಡಲಾರರು. ಹದಿನಾಲ್ಕರ ಸಂಜೆಯವರೆಗೆ ಕಾಯುತ್ತೇನೆ. ಆಮೇಲೆ ಏನು ಮಾಡುತ್ತೇನೆ ಎಂದು ನನಗೆ ಗೊತ್ತಿಲ್ಲ, ನಿಜವಾಗಿಯೂ ಗೊತ್ತಿಲ್ಲ.

ನಮಿತಾ


ಕೆರ್ಕಿರಾ
ಅಕ್ಟೋಬರ್ 13, 2025

ನಮಿತಾ,

ಫಾರಂಗೆ ಬೇಕಾದ ವಿಳಾಸವನ್ನು ಇಂಗ್ಲಿಷಿನಲ್ಲಿ ಬೇರೆ ಕಳಿಸಿದ್ದೇನೆ. ಕಂಪನಿಗೂ ಬರೆದಿದ್ದೇನೆ. ಇದು ನಿನಗೆ.

ಹಳೆಯ ಬಂದರಿನ ಹತ್ತಿರ ಬಸ್ಸು ಇಳಿ. ಸಮುದ್ರವನ್ನು ಬೆನ್ನಿಗೆ ಹಾಕಿ ಮೇಲೆ ಹತ್ತು. ಬಲಗಡೆ ಮೂರನೆಯ ಓಣಿ, ತುಂಬ ಇಕ್ಕಟ್ಟು. ಎರಡೂ ಕಡೆಯ ಮನೆಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿರುತ್ತಾರೆ, ನೀರು ತೊಟ್ಟಿಕ್ಕುತ್ತದೆ, ತಲೆ ನೋಡಿಕೋ. ಹಸಿರು ಬಾಗಿಲು, ನಂಬರು 14. ನನ್ನದು ಎರಡನೆಯ ಮಾಳಿಗೆ.

ಬ್ಯಾಂಡೇಜು ತೆಗೆದು ಎರಡು ತಿಂಗಳಾಯಿತು. ಆ ಕೈಯನ್ನು ನಾನು ನರ್ಸಿಗೆ ಬಿಟ್ಟು ಯಾರಿಗೂ ತೋರಿಸಿಲ್ಲ. ನೋಡಲು ಚೆನ್ನಾಗಿಲ್ಲ. ನಿನಗೆ ಗೊತ್ತಿರಲಿ ಎಂದು ಬರೆದೆ.

ಬೆಲ್ ಕೆಲಸ ಮಾಡುವುದಿಲ್ಲ, ಬಾಗಿಲು ಬಡಿ. ಅಗುಳಿ ಬಿಗಿ ಇದೆ, ಎಡಗೈಯಲ್ಲಿ ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹೋಗಿಬಿಡಬೇಡ.

ಸುಹಾಸ